ಮಾವನವರ ಕಾರಿಗೆ ನಾನು ಹಾಕಿದ ಬೆಸುಗೆ

ವಿಜ್ಞಾನ ಓದಿದವರಿಗೆ ಹೆದರಿಕೆ ಇರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಇದು ವಿಜ್ಞಾನ ಓದದವರು ಹಬ್ಬಿಸಿದ ಮಾತು. ಅವರಿಗೇನು, ಸ್ವಿಚ್ಚು ಒತ್ತುತ್ತಾರೆ, ದೀಪ ಹತ್ತುತ್ತದೆ, ತಮ್ಮ ಪಾಡಿಗೆ ತಾವು ಹೋಗುತ್ತಾರೆ. ನಾನಾದರೋ ಒತ್ತುವ ಮುಂಚೆ ಕೈ ಒದ್ದೆಯಾಗಿದೆಯೇ, ಕಾಲಲ್ಲಿ ಚಪ್ಪಲಿ ಇದೆಯೇ, ಗೋಡೆಯೊಳಗಿನ ವೈರು ಯಾವ ಕಾಲದ್ದು ಎಂದೆಲ್ಲ ಯೋಚಿಸುತ್ತ ಅರ್ಧ ಗಂಟೆ ಕತ್ತಲಲ್ಲೇ ಕೂತಿರುತ್ತೇನೆ. ತುರುವೇಕೆರೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಡಮ್ಮಾಗಿದ್ದೆ. ಜಲಜನಕದ ಪ್ರಯೋಗ ಮಾಡುವ ದಿನ ಬಂತೆಂದರೆ ಬೆಳಿಗ್ಗೆ ತಿಂಡಿ ಸೇರುತ್ತಿರಲಿಲ್ಲ. ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿಯಬೇಕು, ‘ಪಟ್’ ಎಂದು ಸದ್ದು ಬರಬೇಕು, ಅಷ್ಟೇ. ನಾನು ಕೈಯನ್ನು ಎಷ್ಟು ಉದ್ದ ಚಾಚಲು ಸಾಧ್ಯವೋ ಅಷ್ಟು ಚಾಚಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಕಣ್ಣು ಮುಚ್ಚಿ ಕಡ್ಡಿ ಹಿಡಿಯುತ್ತಿದ್ದೆ. ಮಕ್ಕಳು ಪ್ರನಾಳವನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಇಂಥವಳಿಗೆ ಧೈರ್ಯಸ್ಥೆ ಎಂಬ ಹೆಸರು ಬಂದದ್ದು ನನ್ನ ಮಾವನವರಿಂದ. ಮದುವೆಯಾಗಿ ಮಾಯಸಂದ್ರದ ಕಡೆಯ ಅವರ ಊರಿಗೆ ಬಂದ ಹೊಸದರಲ್ಲಿ ಒಂದು ಸಂಜೆ ಮನೆಯ ದೀಪಗಳೆಲ್ಲ ಆರಿಹೋದವು. ‘ನಮ್ ಸೊಸೆ ಸೈನ್ಸ್ ಓದವ್ಳೆ, ನೋಡ್ತಾಳೆ ಬುಡಿ’ ಎಂದು ಮಾವನವರು ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿದರು. ನಾನು ಕೈಗೆ ಸೆರಗು ಸುತ್ತಿಕೊಂಡು ಫ್ಯೂಸಿಗೆ ಇನ್ನೇನು ಬೆರಳು ತಾಗಿಸಬೇಕು, ಅಷ್ಟರಲ್ಲಿ ದೀಪ ಹತ್ತಿಕೊಂಡಿತು. ಇಡೀ ಊರಿನ ಕರೆಂಟೇ ಹೋಗಿತ್ತು, ಬಂದಿತ್ತು, ಅಷ್ಟೇ. ಅದನ್ನು ನಾನು ಹೇಳಬೇಕೆಂದಿದ್ದೆ. ಆದರೆ ಮಾವನವರು ಆಗಲೇ ಬೀದಿಗಿಳಿದು ನಾಲ್ಕು ಜನಕ್ಕೆ ಹೇಳಿಯಾಗಿತ್ತು. ಹೊಸ ಸೊಸೆ, ಮಾವನ ಮಾತನ್ನು ಬೀದಿಯಲ್ಲಿ ಹೇಗೆ ತಿದ್ದುವುದು? ಸುಮ್ಮನಿದ್ದೆ. ಹೊಗಳಿದಾಗ ಸುಮ್ಮನಿದ್ದುಬಿಡುವ ಚಟ ಅಂದು ಅಂಟಿಕೊಂಡಿತು.

ಮಾವನವರು ನಿವೃತ್ತ ದನದ ಡಾಕ್ಟರು. ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯ ಕುರಿಹಟ್ಟಿಗಳನ್ನೆಲ್ಲ ಅವರು ಸುತ್ತಿದ್ದು ಒಂದು ಕಪ್ಪು ಕಾರಿನಲ್ಲಿ. ಅವರು ಕೆಲಸಕ್ಕೆ ಸೇರಿದ ಕಾಲಕ್ಕೇ ಅದು ಹಳೆಯ ಕಾರು. ಆಮೆಯ ಹಾಗೆ ಉಬ್ಬಿದ ಬೆನ್ನು, ಕಪ್ಪೆಯ ಕಣ್ಣಿನಂಥ ಎರಡು ದೀಪ, ಹಿಂದಿನ ಸೀಟಿನಲ್ಲಿ ಎಷ್ಟು ತೊಳೆದರೂ ಹೋಗದ ಕುರಿಯ ವಾಸನೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅದು ರಸ್ತೆಯಲ್ಲಿ ಹೋದರೆ ಜನ ನಿಂತು ನೋಡುತ್ತಿದ್ದರು. ರಸ್ತೆಯಲ್ಲಿ ಹೋದರೆ ಎಂಬ ಮಾತು ಇಲ್ಲಿ ಮುಖ್ಯ. ಏಕೆಂದರೆ ಹೋಗುವುದಕ್ಕಿಂತ ನಿಲ್ಲುವುದೇ ಹೆಚ್ಚಾಗಿತ್ತು. ಆ ಸಲದ ಶ್ರಾವಣದಲ್ಲಿ ದೇವಸ್ಥಾನಕ್ಕೆ ಹೋಗಿ ಬರುವಾಗ ದಾರಿಯಲ್ಲಿ ನಿಂತು, ಅತ್ತೆಯವರು ರೇಷ್ಮೆ ಸೀರೆಯಲ್ಲಿ ಎರಡು ಮೈಲಿ ನಡೆದು ಮನೆ ಸೇರಿದ್ದರು. ಅಂದು ಅವರು ಕಾಲು ತೊಳೆಯುವ ಮುಂಚೆಯೇ ಕಡ್ಡಿ ಮುರಿದಂತೆ ಹೇಳಿದರು: ‘ಇನ್ನೊಂದ್ ಸಲ ಇದು ದಾರೀಲಿ ನಿಂತ್ರೆ ತಿಪಟೂರು ಗುಜರಿಯೋನಿಗೆ ಹಾಕ್ಬುಡ್ಬೇಕು. ಮಾತು ಕೊಡಿ.’ ಮಾವನವರು ತಲೆ ಬಗ್ಗಿಸಿ ಮಾತು ಕೊಟ್ಟರು. ಅವರು ಕೊಟ್ಟ ಮಾತಿಗೆ ತಪ್ಪಿದ್ದನ್ನು ನಾನು ನೋಡಿಲ್ಲ.

ಕಾರಿನ ರೋಗ ಬ್ಯಾಟರಿಯ ಹತ್ತಿರವಿತ್ತು. ಯಾರೋ ಮೆಕ್ಯಾನಿಕ್ಕು ಹಾಕಿದ್ದ ಹೊಸ ನಮೂನೆಯ ಕ್ಲಾಂಪು ಆ ದಪ್ಪ ಹಳೆಯ ಕೇಬಲ್ಲನ್ನು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಸಡಿಲವಾದರೆ ಕಾರು ಸತ್ತಂತೆ. ಮಾವನವರಿಗೆ ಆ ಕ್ಲಾಂಪನ್ನು ಕಂಡರೇ ಆಗುತ್ತಿರಲಿಲ್ಲ. ಮೈಸೂರಿನ ಸ್ನೇಹಿತರೊಬ್ಬರಿಗೆ ಕಾಗದ ಬರೆದು, ಹಳೇ ಕಾಲದ ನಮೂನೆಯಲ್ಲೇ ಹೊಸದಾಗಿ ಸೀಸದಲ್ಲಿ ಎರಕ ಹೊಯ್ದ ಎರಡು ಟರ್ಮಿನಲ್ಲು ತರಿಸಿದರು. ನೋಡಲು ಪುಟ್ಟ ಟೋಪಿಯ ಹಾಗಿದ್ದವು. ಬ್ಯಾಟರಿಯ ಗುಬುಟಿನ ಮೇಲೆ ಟೋಪಿ ಇಟ್ಟು ಮೇಲಿನಿಂದ ಸ್ಕ್ರೂ ಬಿಗಿಯಬೇಕು. ಟೋಪಿಯ ಪಕ್ಕದಲ್ಲಿ ಒಂದು ಸಣ್ಣ ಕೊಳವೆ, ಅದರೊಳಗೆ ಕೇಬಲ್ಲಿನ ತುದಿ ತೂರಿಸಿ ಬೆಸುಗೆ ಹಾಕಬೇಕು. ಅತ್ತೆಯವರು ಅದನ್ನು ಕೈಯಲ್ಲಿ ತೂಗಿ ನೋಡಿ, ‘ಈ ಕಾರು ನಮಗೆ ಹಾಕಿರೋ ಟೋಪಿ ಸಾಲ್ದು ಅಂತ ಈಗ ಅದಕ್ಕೂ ಟೋಪಿ ತರ್ಸಿದ್ರಾ?’ ಎಂದರು.

ತಿಪಟೂರಿನ ಮೆಕ್ಯಾನಿಕ್ಕನಿಗೆ ತೋರಿಸಿದರೆ ಅವನು, ‘ಈ ಕಾಲ್ದಾಗೆ ಯಾರು ಸಾರ್ ಬೆಸುಗೆ ಹಾಕ್ತಾರೆ, ಕ್ಲಾಂಪೇ ಇರ್ಲಿ ಬುಡಿ’ ಎಂದನಂತೆ. ಮಾವನವರು ಎದೆಯುಬ್ಬಿಸಿ, ‘ನೀನು ಬುಡಪ್ಪ, ನಮ್ಮನೇಲೇ ಜನ ಅವ್ರೆ’ ಎಂದು ಹೇಳಿ ಬಂದರಂತೆ. ಆ ಜನ ಯಾರೆಂದು ರಾತ್ರಿ ಊಟಕ್ಕೆ ಕೂತಾಗ ನನಗೆ ಗೊತ್ತಾಯಿತು. ‘ಶಾಲೇಲಿ ಬೆಸುಗೆ ಹಾಕೋ ಕಡ್ಡಿ ಇರ್ಬೇಕಲ್ಲ ಸರೋಜ?’ ಎಂದು ಮಾವ ಕೇಳಿದರು. ಇತ್ತು. ಕರೆಂಟಿನಲ್ಲಿ ಕಾಯುವ, ರೇಡಿಯೋದ ಕೂದಲೆಳೆಯಂಥ ವೈರಿಗೆ ಬೆಸುಗೆ ಹಾಕುವ ಪುಟ್ಟ ಕಡ್ಡಿ. ಅದನ್ನು ನಾನು ಮಕ್ಕಳಿಗೆ ದೂರದಿಂದ ತೋರಿಸಿದ್ದುಂಟು, ಹಿಡಿದದ್ದಿಲ್ಲ. ‘ಇದೆ ಮಾವ’ ಎಂದೆ. ಉಳಿದದ್ದನ್ನು ಅವರೇ ಊಹಿಸಿಕೊಂಡರು. ಮುಂದಿನ ಗುರುವಾರ ಚಿಕ್ಕನಾಯಕನಹಳ್ಳಿಯಲ್ಲಿ ಅತ್ತೆಯವರ ತಂಗಿಯ ಮನೆಯ ಗೃಹಪ್ರವೇಶವಿತ್ತು. ಕಾರಿನಲ್ಲೇ ಹೋಗುವುದೆಂದು ತೀರ್ಮಾನವಾಯಿತು.

ಶನಿವಾರ ಮಧ್ಯಾಹ್ನ ಅಂಗಳದಲ್ಲಿ, ಕಾಯಿ ಸುಲಿಯುವ ಜಾಗದಲ್ಲಿ, ನನ್ನ ಪರೀಕ್ಷೆ ಶುರುವಾಯಿತು. ಬ್ಯಾಟರಿಯಿಂದ ಜಲಜನಕ ಬರುತ್ತದೆ, ಬೆಂಕಿ ತಾಗಿದರೆ ಸಿಡಿಯುತ್ತದೆ ಎಂದು ನಾನು ಮೊದಲು ಅದನ್ನು ಕಾರಿನಿಂದ ಇಳಿಸಿ ಇಪ್ಪತ್ತು ಮಾರು ದೂರ, ತೆಂಗಿನಮರದ ಬುಡದಲ್ಲಿ ಇಡಿಸಿದೆ. ಅತ್ತೆಯವರು ಮೇಲೆ ನೋಡಿ, ‘ಅದರ ಮೇಲೆ ಕಾಯಿ ಬಿದ್ರೆ?’ ಎಂದರು. ನನಗೆ ಅದು ಹೊಳೆದೇ ಇರಲಿಲ್ಲ. ಬ್ಯಾಟರಿ ಅಲ್ಲಿಂದ ಹುಲ್ಲಿನ ಮೆದೆಯ ಪಕ್ಕಕ್ಕೆ ಹೋಯಿತು. ಹುಲ್ಲಿಗೆ ಕಿಡಿ ತಾಗಿದರೆ ಎಂದು ಅಲ್ಲಿಂದಲೂ ಎತ್ತಿಸಿದೆ. ಕೊನೆಗೆ ಬಚ್ಚಲಿನ ಕಲ್ಲಿನ ಮೇಲೆ ಕೂರಿಸಿ ಬಾಗಿಲು ಹಾಕಿಸಿದೆ. ಅಂದು ಸಂಜೆಯವರೆಗೆ ಮನೆಯಲ್ಲಿ ಯಾರೂ ಕಾಲು ತೊಳೆಯಲಿಲ್ಲ. ಮಾವನವರಿಗೆ ಇದೆಲ್ಲ ನನ್ನ ಪಾಂಡಿತ್ಯವಾಗಿ ಕಂಡಿತು. ‘ನೋಡು, ಎಷ್ಟೆಲ್ಲಾ ಯೋಚ್ನೆ ಮಾಡ್ತಾಳೆ’ ಎಂದರು.

ಬೆಸುಗೆಯ ವಿಚಾರ ಪುಸ್ತಕದಲ್ಲಿ ಎರಡೇ ಸಾಲು. ಅಂಗಳದಲ್ಲಿ ಅದು ಬೇರೆ. ನನ್ನ ಹೆದರಿಕೆ ಏನೆಂದರೆ, ಬೆಸುಗೆಯೂ ಸೀಸ ಬೆರೆತದ್ದು, ಟೋಪಿಯೂ ಸೀಸ. ಕಾವು ಸ್ವಲ್ಪ ಹೆಚ್ಚಾದರೆ ಬೆಸುಗೆಯ ಜೊತೆ ಟೋಪಿಯೂ ಕರಗಿ ನೆಲಕ್ಕಿಳಿಯುತ್ತದೆ. ಇರುವುದು ಎರಡೇ ಟೋಪಿ. ಕಡಿಮೆಯಾದರೆ ಬೆಸುಗೆ ಹಿಡಿಯುವುದಿಲ್ಲ. ಕಡ್ಡಿಯನ್ನು ತಾಗಿಸುವುದು, ಟೋಪಿ ಬಾಗಿತೇ ಎಂದು ನೋಡುವುದು, ಗಾಬರಿಯಿಂದ ಎತ್ತುವುದು, ಹೀಗೆ ಒಂದು ಗಂಟೆ ಕಳೆಯಿತು. ಹೆಬ್ಬೆರಳು ದಪ್ಪದ ಆ ಕೇಬಲ್ಲು ನನ್ನ ಪುಟ್ಟ ಕಡ್ಡಿಯ ಕಾವನ್ನೆಲ್ಲ ಕುಡಿದು ತಣ್ಣಗೆ ಕೂತಿತ್ತು. ಕೊನೆಗೂ ಕೊಳವೆಯೊಳಗೆ ಬೆಸುಗೆ ಇಳಿದು, ಚಳಿಗಾಲದ ತುಪ್ಪದ ಹಾಗೆ ಮಂಕಾಗಿ, ಗಂಟುಗಂಟಾಗಿ ಹೆಪ್ಪುಗಟ್ಟಿತು. ಒಳ್ಳೆಯ ಬೆಸುಗೆ ಹೊಳೆಯುತ್ತದೆ ಎಂದು ಮಕ್ಕಳಿಗೆ ನಾನೇ ಹೇಳಿದ್ದೆ. ಇದು ಹೊಳೆಯಲಿಲ್ಲ. ಮೆಲ್ಲಗೆ ಎಳೆದೆ, ಬರಲಿಲ್ಲ. ಜೋರಾಗಿ ಎಳೆದು ನೋಡುವ ಧೈರ್ಯವಾಗಲಿಲ್ಲ, ಬಂದುಬಿಟ್ಟರೆ? ಎರಡನೆಯದಕ್ಕೂ ಅದೇ ಗತಿ. ಮಾವನವರು ಎಲೆಯಡಿಕೆ ತರಲು ಒಳಗೆ ಹೋದಾಗ ಎರಡಕ್ಕೂ ಕಪ್ಪು ಟೇಪನ್ನು ನಾಲ್ಕು ಸುತ್ತು ಸುತ್ತಿದೆ. ‘ಆಯ್ತಾ ಸರೋಜ?’ ಎಂದರು. ‘ಆಯ್ತು ಮಾವ.’ ಬ್ಯಾಟರಿ ಕೂರಿಸಿ ಸ್ಟಾರ್ಟು ಮಾಡಿದರೆ ಕಾರು ಒಂದೇ ಸಲಕ್ಕೆ ಗುರ್ ಎಂದಿತು. ನನಗೆ ಆಶ್ಚರ್ಯ. ಮಾವನವರಿಗೆ ಆಶ್ಚರ್ಯವೇ ಇಲ್ಲ.

ಆಮೇಲಿನ ನಾಲ್ಕು ದಿನ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಹಾಲಿನವನು ಬಂದರೆ ಬಾನೆಟ್ಟು ತೆಗೆದು ತೋರಿಸುವುದು, ಕಾಯಿ ಕೀಳುವವನು ಬಂದರೆ ಅವನಿಗೂ ತೋರಿಸುವುದು. ‘ನಮ್ ಸೊಸೆ ಕೈಯ ಬೆಸುಗೆ ಕಣಯ್ಯ. ಟೇಪು ನೋಡು, ಎಷ್ಟು ನೀಟಾಗಿ ಸುತ್ತವ್ಳೆ!’ ಅವರು ಒಂದೊಂದು ಸಲ ಹೊಗಳಿದಾಗಲೂ ಬೆಸುಗೆ ಒಂದೊಂದು ಎಳೆ ಬಿಟ್ಟುಕೊಂಡಂತೆ ನನಗನಿಸುತ್ತಿತ್ತು. ಹೇಳಿಬಿಡಬೇಕೆಂದು ಮೂರು ಸಲ ಹೊರಗೆ ಹೋದೆ. ಮೂರು ಸಲವೂ ಯಾರೋ ಒಬ್ಬರು ಕೈಮುಗಿದು, ‘ಭೇಷ್ ಕಣಮ್ಮ’ ಎಂದರು. ಒಳಗೆ ಬಂದೆ. ನನ್ನ ಯಜಮಾನರಿಗಾದರೂ ಹೇಳೋಣವೆಂದು ಧೈರ್ಯ ಮಾಡುವಷ್ಟರಲ್ಲಿ ಅವರು ಚಪ್ಪರದ ಕೆಲಸಕ್ಕೆಂದು ಬುಧವಾರವೇ ಚಿಕ್ಕನಾಯಕನಹಳ್ಳಿಗೆ ಹೊರಟುಹೋಗಿದ್ದರು.

ಗುರುವಾರ ಬೆಳಿಗ್ಗೆ ಹೊರಟೆವು. ಮಾವನವರು ಸ್ಟೇರಿಂಗಿನ ಮುಂದೆ, ಪಕ್ಕದಲ್ಲಿ ತಾಂಬೂಲದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯವರು, ಹಿಂದೆ ನಾನು. ರಸ್ತೆಯ ಒಂದೊಂದು ಗುಂಡಿಗೂ ನಾನು ಬಾನೆಟ್ಟಿನ ಕಡೆ ಕಿವಿ ಕೊಡುತ್ತಿದ್ದೆ. ದೇವರ ನಾಮ ಹೇಳಿಕೊಳ್ಳೋಣವೆಂದರೆ ಗಾಬರಿಯಲ್ಲಿ ಒಂದೂ ನೆನಪಾಗದೆ, ಜಲಜನಕ, ಹೀಲಿಯಂ, ಲಿಥಿಯಂ ಎಂದು ಮೂಲವಸ್ತುಗಳ ಹೆಸರನ್ನೇ ವರಸೆಯಾಗಿ ಜಪಿಸುತ್ತಿದ್ದೆ. ತುರುವೇಕೆರೆ ದಾಟಿತು. ಕಾರು ಮದುವಣಗಿತ್ತಿಯಂತೆ ಹೋಗುತ್ತಿತ್ತು. ಅತ್ತೆಯವರೇ, ‘ಪರ್ವಾಗಿಲ್ವೇ’ ಎಂದರು. ಕೆ.ಬಿ. ಕ್ರಾಸ್‌ಗೆ ಮುಂಚೆ ರೈಲ್ವೆ ಗೇಟು ಬಂತು. ಗೇಟು ತೆರೆದೇ ಇತ್ತು. ಮಾವನವರು ನಿಧಾನವಾಗಿ ಏರಿಸಿದರು. ಮುಂದಿನ ಚಕ್ರ ಮೊದಲ ಹಳಿಯನ್ನು ದಾಟಿ ಧಡಕ್ಕನೆ ಇಳಿಯಿತು. ಅಷ್ಟೇ. ಎಂಜಿನ್ನು ನಿಂತಿತು.

ಮಾವನವರು ಸ್ಟಾರ್ಟರು ಎಳೆದರು. ಸದ್ದಿಲ್ಲ. ಹಾರನ್ನು ಒತ್ತಿದರು. ಅದಕ್ಕೂ ಉಸಿರಿಲ್ಲ. ಹಾರನ್ನೂ ಕೂಗಲಿಲ್ಲವೆಂದರೆ ಬೆಸುಗೆ ಬಿಟ್ಟಿತೆಂದೇ ಅರ್ಥ ಎಂದು ಆ ಕಾರಿನಲ್ಲಿದ್ದ ಮೂವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗೇಟಿನವನು ತನ್ನ ಕೋಣೆಯಿಂದ ಕೈಬೀಸಿಕೊಂಡು ಓಡಿ ಬಂದ. ‘ತಗೀರಿ ಸ್ವಾಮಿ, ತಗೀರಿ! ಈಗ ಫೋನು ಬಂತು, ಅರಸೀಕೆರೆ ಕಡೆಯಿಂದ ಗಾಡಿ ಬತ್ತಾ ಐತೆ!’

‘ಇರಪ್ಪ, ಹ್ಯಾಂಡಲ್ ಹೊಡೀತೀನಿ’ ಎಂದು ಮಾವನವರು ಇಳಿದು, ಸೀಟಿನ ಕೆಳಗಿನ ಕಬ್ಬಿಣದ ಹ್ಯಾಂಡಲ್ಲಿಗೆ ಕೈ ಹಾಕಿದರು. ಬ್ಯಾಟರಿಯ ಕರೆಂಟೇ ಬರದ ಮೇಲೆ ಸಂಜೆಯವರೆಗೆ ತಿರುಗಿಸಿದರೂ ಅದು ಹೊತ್ತಿಕೊಳ್ಳುವುದಿಲ್ಲ. ಹೇಳಬೇಕು. ಹೇಳಿದರೆ ಹೇಗೆ ಗೊತ್ತಾಯಿತೆಂದು ಕೇಳುತ್ತಾರೆ. ಹಳಿಯ ಮೇಲೆ ನಿಂತಿರುವಾಗಲೂ ನನಗೆ ಮಾನದ ಯೋಚನೆ ಬಂತಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕೊನೆಗೆ ಹೇಳಿದೆ: ‘ಬೇಡ ಮಾವ. ಹ್ಯಾಂಡಲ್ ಬೇಡ. ತಳ್ಳೋಣ.’

‘ಯಾಕಮ್ಮ?’

‘ಕರೆಂಟೇ ಬರ್ತಿಲ್ಲ ಮಾವ.’

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಹ್ಯಾಂಡಲ್ಲನ್ನು ಒಳಗೆ ಹಾಕಿ ಕಾರಿಗೆ ಹೆಗಲು ಕೊಟ್ಟರು. ನಾನೂ ಇಳಿದೆ. ಅತ್ತೆಯವರು ತಟ್ಟೆಯನ್ನು ಸೀಟಿನ ಮೇಲಿಟ್ಟು, ಸೆರಗು ಬಿಗಿದು ನನ್ನ ಪಕ್ಕ ಬಂದು ನಿಂತರು. ಗೇಟಿನವನೂ ಸೇರಿ ನಾಲ್ವರು ತಳ್ಳಿದರೆ ಕಾರು ಮುಂದೆ ಹೋದಂತೆ ಮಾಡಿ ಹಳಿಯ ಸಂದಿಗೇ ಮತ್ತೆ ಜಾರಿ ಕೂರುತ್ತಿತ್ತು. ಅಷ್ಟರಲ್ಲಿ ಎದುರಿನಿಂದ ಒಂದು ಕುರಿಮಂದೆ ಬಂದು ನಮ್ಮ ಸುತ್ತ ಹರಡಿಕೊಂಡಿತು. ಹಳಿಯ ಮೇಲೆ ಕಾರು, ಕಾರಿನ ಸುತ್ತ ಕುರಿ. ನನಗೆ ದೂರದಲ್ಲಿ ಇಲ್ಲದ ರೈಲಿನ ಸದ್ದೆಲ್ಲ ಕೇಳಿಸತೊಡಗಿತು.

ಹೆಗಲ ಮೇಲೆ ಕಂಬಳಿ ಹೊದ್ದ ಕುರಿಯವನು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ. ‘ಅಯ್ಯೋ, ನಮ್ ಡಾಕ್ಟ್ರು ಸ್ವಾಮೇರು! ಸರೀರಿ, ನಾ ಕೊಡ್ತೀನಿ ಹೆಗಲು’ ಎಂದವನೇ ಬೆನ್ನು ಕೊಟ್ಟು ಒತ್ತತೊಡಗಿದ. ಒತ್ತುತ್ತಲೇ, ‘ಸ್ವಾಮಿ, ಸಿಕ್ಕಿದ್ದು ಒಳ್ಳೇದಾಯ್ತು. ಎರಡು ಕುರಿ ಒಂದೇ ಸಮ ಕೆಮ್ತವೆ, ಏನ್ ಮಾಡ್ಲಿ?’ ಎಂದು ಕೇಳಿದ. ಮಾವನವರು ಏದುಸಿರು ಬಿಡುತ್ತ, ‘ಮೂಗ್ನಲ್ಲಿ ಸುರೀತೈತಾ?’ ಎಂದರು. ‘ಸುರೀತೈತೆ.’ ‘ಮಂದೆಯಿಂದ ಬೇರೆ ಕಟ್ಟಾಕು, ಮೊದ್ಲು ತಳ್ಳು!’ ಅವನ ಒಂದು ಒತ್ತಿಗೆ ಕಾರು ಹಳಿ ದಾಟಿ, ಇಳಿಜಾರಿನಲ್ಲಿ ತಾನಾಗಿಯೇ ಉರುಳಿ, ಹುಣಸೆಮರದ ಕೆಳಗೆ ನಿಂತಿತು. ಕುರಿಗಳೂ ದಾಟಿದವು. ಗೇಟು ಬಿತ್ತು. ಸ್ವಲ್ಪ ಹೊತ್ತಿಗೆ ರೈಲು ನೆಲ ನಡುಗಿಸುತ್ತ ಹೋಯಿತು. ಅದರ ಡಬ್ಬಿಗಳನ್ನು ಎಣಿಸಲು ಹೋಗಿ ಏಳಕ್ಕೆ ಎಣಿಕೆ ತಪ್ಪಿ ನಾನು ಮೈಲಿಗಲ್ಲಿನ ಮೇಲೆ ಕೂತುಬಿಟ್ಟೆ.

ಮಾವನವರು ಬಾನೆಟ್ಟು ತೆಗೆದರು. ನಾನೂ ಎದ್ದು ಹೋಗಿ ನೋಡಿದೆ. ಟೇಪಿನಿಂದ ಕೇಬಲ್ಲು ಜಾರಿ ಹೊರಬಂದು, ಸ್ನಾನ ಮಾಡಿ ಬಂದಷ್ಟು ಚೊಕ್ಕಟವಾಗಿ ಜೋತಾಡುತ್ತಿತ್ತು. ಬೆಸುಗೆ ಅದನ್ನು ಒಂದು ಚೂರೂ ಹಿಡಿದಿರಲಿಲ್ಲ. ಅವರು ಕೊಳವೆಯೊಳಗೆ ಇಣುಕಿದರು, ನನ್ನನ್ನು ನೋಡಲಿಲ್ಲ. ಹಿಂದಿನಿಂದ ಅತ್ತೆಯವರು, ‘ಏನಾಗೈತ್ರೀ?’ ಎಂದರು. ನಾನು ಬಾಯಿ ತೆರೆದೆ. ಮಾವನವರು ಮೊದಲು ಮಾತಾಡಿದರು. ‘ನಂದೇ ತಪ್ಪು ಕಣೇ. ಸ್ಕ್ರೂ ಬಿಗಿ ಮಾಡೋದು ಮರ್ತಿದ್ದೆ.’

‘ಹಂಗಾದ್ರೆ ಕೊಟ್ಟ ಮಾತು?’

‘ಹೂಂ. ಸೋಮವಾರ ಗುಜರಿಯೋನಿಗೆ ಹೇಳಿ ಕಳಿಸ್ತೀನಿ.’

ತೆರೆದ ಬಾಯಿಯನ್ನು ನಾನು ಹಾಗೇ ಮುಚ್ಚಿಕೊಂಡೆ. ಅಷ್ಟು ವರ್ಷದ ಕಾರನ್ನು ಅವರು ನನ್ನ ಮಾನಕ್ಕಾಗಿ ಕೊಟ್ಟುಬಿಟ್ಟಿದ್ದರು. ನಾನು ತೆಗೆದುಕೊಂಡೂಬಿಟ್ಟಿದ್ದೆ. ಕುರಿಯವನು ತನ್ನ ಎಕ್ಕಡದಿಂದ ಒಂದು ಮೊಳೆ ಕಿತ್ತುಕೊಟ್ಟ. ಮಾವನವರು ಕೇಬಲ್ಲನ್ನು ಕೊಳವೆಯೊಳಗೆ ತುರುಕಿ, ಪಕ್ಕದಲ್ಲಿ ಮೊಳೆಯನ್ನು ಕಲ್ಲಿನಿಂದ ಬಡಿದು ಕೂರಿಸಿದರು. ಸ್ಟಾರ್ಟರು ಎಳೆದರೆ ಕಾರು ಗುರ್ ಎಂದಿತು. ಶಾಲೆಯ ಕಡ್ಡಿಯಿಂದ ನಾನು ಇಡೀ ಮಧ್ಯಾಹ್ನ ಮಾಡಲಾಗದ್ದನ್ನು ಎಕ್ಕಡದ ಮೊಳೆ ಎರಡು ನಿಮಿಷದಲ್ಲಿ ಮಾಡಿತ್ತು.

ಚಿಕ್ಕನಾಯಕನಹಳ್ಳಿಯಲ್ಲಿ ಒಬ್ಬಟ್ಟಿನ ಊಟ. ಊಟವಾದ ಮೇಲೆ ಮಾವನವರು ಮೆಲ್ಲಗೆ, ‘ಬಾಮ್ಮ, ಒಂದ್ ಕೆಲ್ಸ ಐತೆ’ ಎಂದು ಕರೆದುಕೊಂಡು ಹೋದರು. ಬಸ್ ಸ್ಟ್ಯಾಂಡಿನ ಹಿಂದೆ ಪಾತ್ರೆಗೆ ಕಲಾಯಿ ಹಾಕುವ ಮುದುಕ ಸಾಬರೊಬ್ಬರು ನೆಲದಲ್ಲಿ ಕುಳಿ ತೋಡಿ, ತಿದಿ ಒತ್ತುತ್ತ ಕೂತಿದ್ದರು. ಮಾವನವರು ಕಾರಿನಿಂದ ಬಿಚ್ಚಿ ತಂದ ಟೋಪಿ, ಕೇಬಲ್ಲುಗಳನ್ನು ಅವರ ಮುಂದಿಟ್ಟರು. ಸಾಬರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು.

‘ಯಾರು ಮಾಡಿದ್ದು ಸ್ವಾಮಿ ಇದು?’

‘ಯಾರೋ ಮಾಡವ್ರೆ ಬುಡಿ.’

‘ಯಾರೋ ಪಾಪ, ಬಾಳ ಹೆದರ್ಕೊಂಡು ಮಾಡವ್ರೆ. ಟೋಪಿ ಕರಗೀತು ಅಂತ ತಂತೀನ ಕಾಯ್ಸೇ ಇಲ್ಲ.’

ವೈದ್ಯರು ನಾಡಿ ಹಿಡಿದು ರೋಗ ಹೇಳುವುದನ್ನು ನೋಡಿದ್ದೆ. ಬೆಸುಗೆ ನೋಡಿ ಹಾಕಿದವರ ಎದೆಬಡಿತ ಹೇಳುವವರನ್ನು ಅಂದೇ ನೋಡಿದ್ದು. ಅವರು ಕೇಬಲ್ಲಿನ ತುದಿಯನ್ನು ಮರಳಿನಲ್ಲಿ ತಿಕ್ಕಿ, ಕೆಂಡದಲ್ಲಿ ಕಾಸಿ, ಲೋಹದ ಕೊಳೆ ತೆಗೆಯುವ ನವಸಾಗರದ ಪುಡಿಗೆ ಅದ್ದಿದರು. ಬಿಳಿಯ ಹೊಗೆ ಬುಸ್ಸೆಂದು ಎದ್ದಾಗ ನಾನು ಮೂರು ಹೆಜ್ಜೆ ಹಿಂದೆ ಹಾರಿದೆ. ‘ಮೊದ್ಲು ತಂತಿಗೆ ತವರ ಕುಡಿಸ್ಬೇಕು ಅಮ್ಮ. ಅದು ಕುಡಿದ್ರೆ ಆಮೇಲೆ ಟೋಪಿಗೆ ಅಷ್ಟು ಕಾವು ಬೇಕಿಲ್ಲ’ ಎಂದು ಹೇಳುತ್ತ, ಕೇಬಲ್ಲಿನ ಎಳೆಗಳ ನಡುವೆ ತವರ ಬೆಳ್ಳಿಯಂತೆ ಹರಿಯುವುದನ್ನು ತೋರಿಸಿದರು. ಒಂದು ಟೋಪಿ ಐದು ನಿಮಿಷದಲ್ಲಿ ಮುಗಿಯಿತು. ಮಾವನವರು ಆಗ, ‘ಇನ್ನೊಂದು ಇವ್ಳು ಮಾಡ್ಲಿ’ ಎಂದರು. ನಾನು ಬೇಡವೆಂದೆ, ಕೈ ನಡುಗುತ್ತದೆಂದೆ. ‘ನನ್ನ ಕೈ ನಡುಗ್ತಾ ಇರ್ಲಿಲ್ವಾ ಮೊದಲ್ನೇ ಎಮ್ಮೆ ಹೆರಿಗೇಲಿ? ಹಿಡ್ಕೋ’ ಎಂದು ಇಕ್ಕಳವನ್ನು ನನ್ನ ಕೈಗೆ ಕೊಟ್ಟರು. ‘ಕಣ್ಣು ತಗೀರಿ ಅಮ್ಮ, ಕಣ್ಣು ಮುಚ್ಕೊಂಡ್ರೆ ಹೆಂಗೆ’ ಎಂದು ಸಾಬರು ಎರಡು ಸಲ ಹೇಳಬೇಕಾಯಿತು. ತೆಗೆದೆ. ಹೊಗೆ, ಉರಿ, ಕಣ್ಣೀರು. ಕೇಬಲ್ಲನ್ನು ಕೊಳವೆಯೊಳಗೆ ಇಳಿಸಿ ಅಲುಗಿಸದೆ ಹಿಡಿದೆ. ಆರಿದ ಮೇಲೆ ಸಾಬರು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಬರಲಿಲ್ಲ. ಅದು ಹೊಳೆಯುತ್ತಿತ್ತು.

ಚಪ್ಪರ ಬಿಚ್ಚಿಸಲು ಯಜಮಾನರು ಅಲ್ಲೇ ಉಳಿದು, ಹಿಂದಿರುಗುವಾಗಲೂ ನಾವು ಮೂವರೇ. ಕಾರು ತಕರಾರಿಲ್ಲದೆ ಓಡಿತು. ಹೇಳದಿದ್ದರೆ ಸೋಮವಾರ ಗುಜರಿಯವನು ಬರುತ್ತಾನೆ. ಕೆ.ಬಿ. ಕ್ರಾಸ್ ದಾಟುವವರೆಗೆ ಮತ್ತೆ ಮೂಲವಸ್ತುಗಳನ್ನೇ ಜಪಿಸುತ್ತ ಕೂತಿದ್ದು, ರೈಲ್ವೆ ಗೇಟು ಕಂಡಾಗ ಕಣ್ಣು ಮುಚ್ಚಿ ಹೇಳಿಬಿಟ್ಟೆ: ‘ಅತ್ತೆ, ತಪ್ಪು ಮಾವಂದಲ್ಲ. ಬೆಸುಗೆ ನಂದು. ಅದು ಹಿಡಿದಿರಲಿಲ್ಲ. ನನಗೆ ಶನಿವಾರಾನೇ ಗೊತ್ತಿತ್ತು.’

ಅತ್ತೆಯವರು ತಿರುಗಿ ನೋಡಲೂ ಇಲ್ಲ. ‘ಗೊತ್ತು ಕಣೇ. ಬೆಳಿಗ್ಗೆ ಕಾರು ಹತ್ತುವಾಗ್ಲೇ ನಿನ್ನ ಮುಖ ಸುಣ್ಣ ಬಳ್ದಂಗಿತ್ತು. ಏನೋ ಎಡವಟ್ಟು ಮಾಡವ್ಳೆ ಅಂದ್ಕೊಂಡೆ.’

‘ಮತ್ತೆ ಯಾಕತ್ತೆ ಹತ್ತಿದ್ರಿ?’

‘ನೀನೂ ಹತ್ತಿದ್ಯಲ್ಲ? ಅಪಾಯ ಇದ್ದಿದ್ರೆ ಬಾಯ್ಬಿಟ್ಟು ಹೇಳ್ತಿದ್ಲು, ಓದಿದೋಳು, ಅಂತ ನಂಬ್ಕೊಂಡೆ.’ ಆಮೇಲೆ ಮಾವನವರ ಕಡೆ ತಿರುಗಿ, ‘ಗುಜರಿಯೋನಿಗೆ ಹೇಳ್ಬೇಡಿ. ಕಾರೇನು ತಪ್ಪು ಮಾಡ್ತು?’ ಎಂದರು. ಮಾವನವರು ಬೇಕಿಲ್ಲದಿದ್ದರೂ ಹಾರನ್ನು ಒಂದು ಸಲ ಒತ್ತಿದರು.

ಕಾರು ಉಳಿಯಿತು. ನನ್ನ ಮಾನವೂ ಊರಿನಲ್ಲಿ ಹಾಗೇ ಉಳಿಯಿತು, ಏಕೆಂದರೆ ಅವರಿಬ್ಬರೂ ಹೊರಗೆ ಬಾಯಿ ಬಿಡಲಿಲ್ಲ. ಆದರೆ ಅತ್ತೆಯವರ ‘ನಂಬ್ಕೊಂಡೆ’ ಎಂಬ ಆ ಮಾತು ನನ್ನನ್ನು ಬಿಡಲಿಲ್ಲ. ಅಂದಿನಿಂದ ಒಂದು ವ್ರತ ಹಿಡಿದಿದ್ದೇನೆ. ಯಾರಾದರೂ ಏನಾದರೂ ರಿಪೇರಿಗೆ ತಂದರೆ ಮೊದಲ ಮಾತೇ, ‘ನನಗೆ ಬರುವುದಿಲ್ಲ, ಹೆದರಿಕೆ.’ ಎಷ್ಟು ಸ್ಪಷ್ಟವಾಗಿ ಹೇಳಬಹುದೋ ಅಷ್ಟು ಸ್ಪಷ್ಟವಾಗಿ ಹೇಳುತ್ತೇನೆ. ಕಳೆದ ವಾರ ಪಕ್ಕದ ಮನೆಯಾಕೆ ಹೊಗೆ ಬರುತ್ತಿದ್ದ ಮಿಕ್ಸಿ ಹೊತ್ತು ತಂದಾಗಲೂ ಹೇಳಿದೆ. ಆಕೆ ಜೊತೆಗಿದ್ದ ಗಂಡನ ಕಡೆ ತಿರುಗಿ, ‘ನೋಡಿದ್ರಾ, ಎಲ್ಲಾ ಗೊತ್ತಿದ್ರೂ ಎಷ್ಟು ವಿನಯ ಮೇಡಮ್ಮೋರಿಗೆ’ ಎಂದು ಮಿಕ್ಸಿಯನ್ನು ನನ್ನ ತೊಡೆಯ ಮೇಲಿಟ್ಟು ಹೋದಳು. ನಾನು ಸುಮ್ಮನಿದ್ದೆ.